ಹೊತ್ತು ಮುಳುಗದ ಊರಲ್ಲಿ ಇಟ್ಟ ಎಡೆ

ಯಲಿಯೂರು

ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆ. ಕೈಯೆಲ್ಲ ಅಂಟು. ಫೋನ್ ಬಡಿದುಕೊಂಡಾಗ ಕಿರುಬೆರಳಲ್ಲಿ ಒತ್ತಿ, ಸ್ಪೀಕರಿಗೆ ಹಾಕಿ, ಮೊರದ ಪಕ್ಕ ಇಟ್ಟುಕೊಂಡೆ. ನಾರ್ವೆ ದೇಶದಿಂದ ಮಗಳು ಪವಿತ್ರ.

"ಅವ್ವ, ಮೂರು ತಿಂಗ್ಳು ಬಂದು ಮಗೀನ್ ನೋಡ್ಕೊತೀಯಾ? ಹಕ್ಕಿ ಕೆಲ್ಸಕ್ಕೆ ನಾನು ಉತ್ತರಕ್ಕೆ ಹೋಗ್ಲೇಬೇಕು."

ಪವಿತ್ರ ಓದಿರುವುದು ಹಕ್ಕಿಗಳ ವಿಷಯ. ಚಳಿಗಾಲಕ್ಕೆ ನಮ್ಮಂಥವರ ಕೆರೆ ಗದ್ದೆಗೆ ಬಂದು, ಬೇಸಿಗೆಗೆ ಭೂಮಿಯ ನೆತ್ತಿಯ ಮೇಲಿನ ಹಿಮದ ನಾಡಿಗೆ ಹೋಗಿ ಮರಿ ಮಾಡುವ ಹಕ್ಕಿಗಳಿವೆಯಲ್ಲ, ಅವು ಯಾವ ದಾರಿಯಲ್ಲಿ ಹೋಗುತ್ತವೆ, ಯಾಕೆ ಈಚೆಗೆ ಹೊತ್ತು ದಾರಿ ಎರಡೂ ಬದಲಾಗುತ್ತಿವೆ ಎಂದು ನೋಡುವುದು ಅವಳ ಕೆಲಸ. ಆ ಹಕ್ಕಿಗಳು ಅಲ್ಲಿ ಇರುವುದೇ ಬೇಸಿಗೆಯ ಒಂದಿಷ್ಟು ದಿನ. ಆಗ ಹೋಗದಿದ್ದರೆ ವರ್ಷ ಹೋಯಿತು. ಅಲ್ಲಿ ಗಂಡಸರಿಗೂ ಮಗು ನೋಡಲು ರಜೆ ಕೊಡುತ್ತಾರಂತೆ; ಅಳಿಯಂದಿರು ಆ ರಜೆಯನ್ನು ಆಗಲೇ ಮುಗಿಸಿದ್ದರು. ಮೊಮ್ಮಗಳು ಇಂಚರಳಿಗೆ ಇನ್ನೂ ನಡೆಯಲು ಬಾರದು.

ನನ್ನ ಜೊತೆ ಹುಣಸೆ ಬಿಡಿಸುತ್ತಿದ್ದ ಪಕ್ಕದ ಮನೆ ಸಾಕಮ್ಮ ಎಲ್ಲ ಕೇಳಿಸಿಕೊಂಡಳು.

"ಅಕ್ಕ, ಅಲ್ಲಿ ಬ್ಯಾಸ್ಗೇಲಿ ಒತ್ತೇ ಮುಳುಗಾಕಿಲ್ವಂತೆ. ರಾತ್ರೆ ಊಟ ಎಂಗ್ ಮಾಡೀಯೆ?"

"ಒಟ್ಟೆ ಅಸ್ದಾಗ ಮಾಡ್ತೀನಿ ಬುಡು."

ಯಜಮಾನರು ಗೆಜ್ಜಲಗೆರೆಯ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯುವಾಗ ವಿಷಯ ಹೇಳಿದೆ. "ಓಗ್ಬಾ ಅತ್ಲಾಗೆ. ಮೂರ್ ತಿಂಗ್ಳು ನಾನೇನ್ ಉಪಾಸ ಸಾಯಾಕಿಲ್ಲ" ಅಂದರು.

"ಅತ್ತೆ ತಿಥಿ ಬತ್ತದಲ್ಲ ನಡುವೆ?"

"ಇಲ್ಲಿ ನಾನ್ ಮಾಡ್ತೀನಿ. ನೀನ್ ಅಲ್ಲೇ ಒಂದ್ ಎಡೆ ಇಡು. ಅವ್ವ ಉಡುಕ್ಕಂಡ್ ಬತ್ತಾಳೆ."

ಬರುತ್ತಾರೆ ಎಂದು ನನಗೂ ಅನ್ನಿಸಿತು. ಪವಿತ್ರ ಬೆಳೆದದ್ದೇ ಅತ್ತೆಯ ಸೊಂಟದ ಮೇಲೆ.

ಬೆಂಗಳೂರು, ವಿಮಾನ ಹತ್ತುವ ಮುಂಚೆ

ರಾಗಿ ಹಿಟ್ಟು, ಹುಣಸೆಹಣ್ಣು, ಖಾರದಪುಡಿ ದೊಡ್ಡ ಪೆಟ್ಟಿಗೆಯಲ್ಲಿ ಹೋದವು. ಮುದ್ದೆ ಹಿಟ್ಟು ತಿರುವುವ ಕೋಲು ಮಾತ್ರ ಅದರಲ್ಲಿ ಹಿಡಿಸದೆ ಕೈಚೀಲಕ್ಕೆ ಸಿಕ್ಕಿಸಿಕೊಂಡಿದ್ದೆ. ತಪಾಸಣೆಯ ಹುಡುಗಿ ಅದನ್ನು ಎಳೆದು ತೆಗೆದು, ಹಿಂದಿಯಲ್ಲಿ ಏನೋ ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಹಿಂದಿದ್ದ ವಯಸ್ಸಾದವರೊಬ್ಬರು ಬಂದರು.

"ಯಾವೂರಮ್ಮ?"

"ಮಂಡ್ಯದ್ ತಾವ."

"ಅದ್ಕೇ. ಇದು ಹಿಟ್ಟಿನ ಕೋಲು ಅಂತ ನನಗೆ ಗೊತ್ತು. ಈ ಮಿಷಿನ್ನಿಗೆ ಗೊತ್ತಿಲ್ವಲ್ಲ."

"ಯಾರ್ ತಲೆಗೂ ಬಡಿಯಾಕಲ್ಲ ಕಣಪ್ಪ, ಹಿಟ್ಟು ತಿರುವಾಕೆ."

"ಬಡಿಯೋರೂ ಹಂಗೇ ಅಂತಾರಮ್ಮ" ಎಂದು ನಕ್ಕು, ಕತ್ತರಿಗಳೂ ನೀರಿನ ಬಾಟಲಿಗಳೂ ಬಿದ್ದಿದ್ದ ಡಬ್ಬಕ್ಕೆ ಕೋಲನ್ನು ಹಾಕಿದರು. ಮದುವೆಯಾದಾಗಿನಿಂದ ಕೈಯಲ್ಲಿದ್ದ ಕೋಲು. ಹಿಟ್ಟಾದರೂ ಉಳಿಯಿತಲ್ಲ, ದೇವರು ಅಷ್ಟು ಮಾಡಿದ ಎಂದುಕೊಂಡು ಮುಂದೆ ನಡೆದೆ.

ಕಡಲ ದಂಡೆಯ ಕೆಂಪು ಮನೆ

ಒಂದಾದ ಮೇಲೊಂದು ವಿಮಾನ ಬದಲಿಸಿದೆ. ಕೊನೆಯದು ಹಲಗೂರಿನ ಮಿನಿ ಬಸ್ಸಿನಷ್ಟಿತ್ತು; ಬಸ್ಸಿನಂತೆಯೇ ಅಲ್ಲಲ್ಲಿ ಇಳಿದು, ಜನರನ್ನು ಇಳಿಸಿ, ಮತ್ತೆ ಹತ್ತಿಸಿಕೊಂಡು ಹೊರಡುತ್ತಿತ್ತು. ಇಳಿದಾಗ ಪವಿತ್ರ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮಗು ನನ್ನನ್ನು ನೋಡಿ ಕಿರುಚಿತು. ಆಮೇಲೆ ಬಳೆ ಹಿಡಿದು ಎಣಿಸುವವಳ ಹಾಗೆ ಒಂದೊಂದೇ ಸರಿಸುತ್ತ ಸುಮ್ಮನಾಯಿತು.

ನಾವು ಉಳಿದುಕೊಂಡ ಮನೆ ಮರದ್ದು, ಕೆಂಪು ಬಣ್ಣದ್ದು. ಮುಂದೆ ಕಡಲು, ಹಿಂದೆ ಮೊಣಕಾಲುದ್ದದ ಗಿಡ, ಜೌಗು, ಅಲ್ಲಲ್ಲಿ ಕರಗದೆ ಉಳಿದ ಹಿಮ. ಮರ ಎನ್ನುವುದು ಕಣ್ಣು ಹಾಯುವವರೆಗೂ ಇಲ್ಲ. ನಾವು ಜೋಳದ ತೆನೆ ತೂಗುಹಾಕುವಂತೆ ಅಲ್ಲಿಯವರು ದೊಡ್ಡ ಚಪ್ಪರ ಕಟ್ಟಿ ಮೀನು ತೂಗುಹಾಕುತ್ತಾರೆ. ಗಾಳಿ ಈ ಕಡೆ ತಿರುಗಿದ ದಿನ ಕಿಟಕಿ ತೆಗೆಯುವಂತಿರಲಿಲ್ಲ.

ಹಕ್ಕಿ ಕೆಲಸಕ್ಕೆಲ್ಲ ದೊಡ್ಡವರು ಇಂಗ್ರಿಡ್ ಎಂಬ ಹೆಂಗಸು. ಅರವತ್ತು ದಾಟಿದವರು, ತೆಂಗಿನ ಮರದಂತೆ ಉದ್ದ. ಮೊದಲ ದಿನ ನನ್ನ ಕೈ ಕುಲುಕಿ, ನಲ್ಲಿ ತೋರಿಸಿ, ಒಲೆ ತೋರಿಸಿ, ಕಕ್ಕಸು ತೋರಿಸಿ ಹೊರಟುಹೋದರು. ಊಟ ಆಯಿತಾ, ದಾರಿ ಹೇಗಿತ್ತು, ಮಕ್ಕಳೆಷ್ಟು, ಒಂದು ಮಾತಿಲ್ಲ. ನಾನು ಏನೋ ತಪ್ಪು ಮಾಡಿದೆನೆಂದು ಕೂತೆ.

"ಅವ್ರಿಗೆ ಮಾತು ಕಮ್ಮಿ ಅವ್ವ. ಕೋಪ ಅಲ್ಲ" ಎಂದಳು ಪವಿತ್ರ.

ಮಾರನೆ ಬೆಳಿಗ್ಗೆ ಹೊಸಿಲ ಮೇಲೆ ಕಾಗದದಲ್ಲಿ ಸುತ್ತಿದ ಮೀನು ಇತ್ತು. ಅವರ 'ಊಟ ಆಯ್ತಾ' ಅದೇ ಎಂದು ತಿಳಿದುಕೊಂಡೆ. ಸೋಮವಾರವಾದ್ದರಿಂದ ಮುಟ್ಟಲಿಲ್ಲ. ಮಂಗಳವಾರ ಹುಣಸೆಹುಳಿ ಬಿಟ್ಟು ಸಾರು ಮಾಡಿದೆ. ಇಂಗ್ರಿಡ್ ಮೂಗು ಒರೆಸಿಕೊಳ್ಳುತ್ತ ಎರಡು ಸಲ ಹಾಕಿಸಿಕೊಂಡರು. ಹಿಟ್ಟು ಮಾತ್ರ ಚಮಚದಲ್ಲಿ ತಿರುವಿ ಗಂಟುಗಂಟಾಗಿತ್ತು. ಕೋಲು ಕಳೆದುಕೊಂಡ ಕಥೆಯನ್ನು ಪವಿತ್ರ ಅವರ ಭಾಷೆಯಲ್ಲಿ ಹೇಳಿದಳು. ಅವರು ನಗಲಿಲ್ಲ. ಎರಡು ದಿನ ಬಿಟ್ಟು, ಅಲೆ ದಡಕ್ಕೆಸೆದ ಮರದ ತುಂಡೊಂದನ್ನು ಚಾಕುವಿನಲ್ಲಿ ಹೆರೆದು ನುಣುಪು ಮಾಡಿ ತಂದುಕೊಟ್ಟರು. ನನ್ನ ಹಳೆಯದಕ್ಕಿಂತ ಒಂದು ಗೇಣು ಉದ್ದ. ಅವರ ಅಳತೆಗೆ ಮಾಡಿದ್ದರು.

ಕಷ್ಟವಾದದ್ದು ಸಂಜೆ ದೀಪಕ್ಕೆ. ಸಂಜೆ ಆದರೆ ತಾನೆ ದೀಪ? ಹೊತ್ತು ಕಡಲಿನ ಕಡೆ ಇಳಿದು, ಇಳಿದು, ಮುಳುಗದೆ ಮತ್ತೆ ಮೇಲೇಳುತ್ತದೆ. ಯಲಿಯೂರಲ್ಲಿ ನಾನು ದೀಪ ಹಚ್ಚುವುದು ಸಂಜೆ ಪ್ಯಾಸೆಂಜರ್ ರೈಲು ಹೋದ ಮೇಲೆ. ಯಜಮಾನರಿಗೆ ಹೇಳಿದೆ. ರೈಲು ಹೋದದ್ದೇ ಅವರು ಒಂದು ಮಿಸ್ಡ್ ಕಾಲ್ ಕೊಡುವರು. ಆಗ ಇಲ್ಲಿ ಮಧ್ಯಾಹ್ನದ ಕಾಫಿ ಹೊತ್ತು. ನಾನು ಕೈತೊಳೆದು ದೀಪ ಹಚ್ಚುವೆನು.

ಪವಿತ್ರ ನಕ್ಕಳು. "ದಾರಿ ತಿಳಿಯೋಕೆ ನಾವು ಹಕ್ಕಿ ಕಾಲಿಗೆ ಕಟ್ಟೋ ಮಿಷಿನ್ನೂ ನಿನ್ನ ಹಾಗೇ ಅವ್ವ. ಹೊತ್ತು ಹುಟ್ಟಿದ್ದು, ಮುಳುಗಿದ್ದು ನೋಡ್ಕೊಂಡು ಯಾವ ಊರಲ್ಲಿದೀನಿ ಅಂತ ಲೆಕ್ಕ ಇಡುತ್ತೆ. ಇಲ್ಲಿಗೆ ಬಂದ್ರೆ ಅದಕ್ಕೂ ದಿಕ್ಕು ತಪ್ಪುತ್ತೆ."

ಮನೆಗೆ ಒಂದು ಕಟ್ಟಳೆ ಇತ್ತು. ತಿಂದು ಉಳಿದದ್ದನ್ನು ಹೊರಗೆ ಚೆಲ್ಲಬಾರದು, ಚಿಲಕವಿರುವ ಡಬ್ಬಕ್ಕೇ ಹಾಕಬೇಕು, ಇಲ್ಲದಿದ್ದರೆ ನರಿ ಬರುತ್ತದೆ ಎಂದು. ನಾನು ಒಂದು ಅಗುಳನ್ನೂ ಚೆಲ್ಲಲಿಲ್ಲ.

ಕಾಲುಂಗುರದ ಗಂಡು

ಹಿಮ ಪೂರ್ತಿ ಕರಗುವ ಹೊತ್ತಿಗೆ ಹಕ್ಕಿಗಳು ಬಂದವು. ಒಂದು ದಿನ ಪವಿತ್ರ ಮನೆಯೊಳಗೆ ಓಡಿಬಂದು ನನ್ನ ಕೈ ಹಿಡಿದು ಹಿತ್ತಿಲ ಬಂಡೆಯ ಮೇಲೆ ನಿಲ್ಲಿಸಿ, ದುರ್ಬೀನು ಕಣ್ಣಿಗೆ ಹಿಡಿದಳು. ಹುಲ್ಲಿನ ಕುಳಿಯಲ್ಲಿ ಒಂದು ಹಕ್ಕಿ ಕೂತಿತ್ತು. ಗುಬ್ಬಿಯಷ್ಟು, ಹೆಚ್ಚೆಂದರೆ ಅದಕ್ಕಿಂತ ಒಂದು ಸುತ್ತು ದಪ್ಪ, ಒಣಮಣ್ಣಿನ ಬಣ್ಣ. ಬೇಸಿಗೆ ಬೆಳೆಗೆ ಗದ್ದೆ ಕೆಸರು ಮಾಡಿದಾಗ ಇಂಥವು ಬದುವಿನ ಮೇಲೆ ಓಡಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಹೆಸರು ಕೇಳಿದವಳಲ್ಲ. ಗೊರವದ ಜಾತಿಯಂತೆ.

"ಇದೇ ಕಣವ್ವ. ಹೋದ ವರ್ಷ ನಾನೇ ಕಾಲಿಗೆ ಮಿಷಿನ್ ಕಟ್ಟಿ ಬಿಟ್ಟಿದ್ದು. ಕಟ್ಟಿಸ್ಕೊಂಡವರಲ್ಲಿ ಈ ಸಲ ತಿರುಗಿ ಕಂಡವನು ಇವನೊಬ್ಬನೇ."

"ಇವ್ನು? ಮೊಟ್ಟೆ ಮೇಲೆ ಕೂತವನೆ?"

"ಗಂಡೇ ಕೂರೋದು. ಹೆಣ್ಣು ಮೊಟ್ಟೆ ಇಟ್ಟು ಹೋದಳು. ಇನ್ನೊಂದು ಗೂಡು ಮಾಡ್ತಾಳೆ, ಅದಕ್ಕೆ ಅವಳೇ ಕೂರ್ತಾಳೆ."

"ಬಾಣಂತನಾನೂ ಇವ್ನೇ ಮಾಡ್ಕತಾನಾ?"

"ಇವನೇ."

"ನಿಮ್ಮಪ್ಪಂಗೆ ಏಳ್ಬೇಕು ಇದ. ಗಂಡು ಕಾಲುಂಗುರ ಆಕ್ಕೊಂಡು ಕಾವು ಕೂತವನೆ ಅಂತ."

ಮಿಷಿನ್ನು ಅವರೆಕಾಳಿನಷ್ಟಿರುತ್ತದೆ. ಹಕ್ಕಿ ವರ್ಷವೆಲ್ಲ ಎಲ್ಲಿತ್ತು, ಯಾವಾಗ ಎಲ್ಲಿಂದ ಹೊರಟಿತು ಎಂಬುದೆಲ್ಲ ಅದರ ಹೊಟ್ಟೆಯಲ್ಲಿ. ಆದರೆ ಅದು ಸುದ್ದಿ ಕಳಿಸುವುದಿಲ್ಲ. ಹಕ್ಕಿಯನ್ನು ಹಿಡಿದು, ಬಿಚ್ಚಿ ನೋಡಿದರೆ ಉಂಟು. ಹಿಡಿಯಲು ಸಿಗುವುದು ಗೂಡಿನ ಮೇಲೆ ಮಾತ್ರ. ಕಾವಿಗೆ ಕೂತ ಹೊಸದರಲ್ಲಿ ಕೈಹಾಕಿದರೆ ಗೂಡು ಬಿಟ್ಟು ಹೋಗುತ್ತದೆ; ಅದಕ್ಕೆ ಮೊಟ್ಟೆಯ ಮೋಹ ಬಲಿಯುವವರೆಗೂ ಕಾಯಬೇಕು. ಪವಿತ್ರ ಹೇಳಿದ್ದನ್ನೆಲ್ಲ ನನಗೆ ತಿಳಿದ ಹಾಗೆ ಬರೆಯುತ್ತಿದ್ದೇನೆ.

ಈ ಹಕ್ಕಿಯ ದಾರಿ ತಿಳಿದರೆ ಆಗುವುದೇನು ಎಂದೂ ಕೇಳಿದೆ. ಇಂಗ್ರಿಡ್ ಚಿಕ್ಕವರಿದ್ದಾಗ ಇಲ್ಲಿ ಹಿಮ ತಡವಾಗಿ ಕರಗುತ್ತಿತ್ತಂತೆ. ಮರಿ ಹೊರಬರುವುದಕ್ಕೂ ಸೊಳ್ಳೆ ಹುಳು ಏಳುವುದಕ್ಕೂ ಸರಿಹೋಗುತ್ತಿತ್ತು. ಈಗ ಹುಳು ಮುಂಚೆ ಎದ್ದು ಮುಗಿಯುತ್ತದೆ, ಮರಿಗೆ ಮೇವು ಸಾಲದು. "ನಾಲೇಲಿ ನೀರು ಬಂದಾಗ ಭತ್ತದ ಸಸಿಗೆ ಒಟ್ಲು ಹಾಕಿಲ್ದೆ ಇದ್ರೆ ಏನಾಗುತ್ತೆ ಅವ್ವ? ಹಾಗೆ. ದೂರದಲ್ಲಿರೋ ಹಕ್ಕಿಗೆ ಇಲ್ಲಿ ನೀರು ಬಿಟ್ರು ಅಂತ ಹೇಳೋರು ಯಾರು? ಕೆಲವು ಬೇಗ ಹೊರಡೋದು ಕಲೀತಿವೆ, ಕೆಲವು ಕಲೀತಿಲ್ಲ. ಇವನು ಯಾವ ಪೈಕಿ ಅಂತ ನೋಡ್ಬೇಕು" ಎಂದಳು. ಮೂರು ಬೇಸಿಗೆಯ ಕೆಲಸ ಈ ಒಂದು ಹಕ್ಕಿಯ ಕಾಲಿಗೆ ಬಂದು ನಿಂತಿದೆ ಎಂದು ನನಗೆ ಅರ್ಥವಾಯಿತು.

ಅತ್ತೆಗೆ ಎಡೆ

ತಿಥಿಯ ದಿನ ಪವಿತ್ರ, ಇಂಗ್ರಿಡ್ ಇಬ್ಬರೂ ದೋಣಿಯಲ್ಲಿ ಇನ್ನೊಂದು ದಂಡೆಗೆ ಹೋಗಿದ್ದರು. ನಾನು ತಲೆಗೆ ನೀರು ಹಾಕಿಕೊಂಡು ಅಡುಗೆಗೆ ನಿಂತೆ. ಅನ್ನ, ಹಿಟ್ಟು, ಉಪ್ಸಾರು, ಕಡಲೆಬೇಳೆ ವಡೆ, ಪಾಯಸ. ಬಾಳೆಎಲೆ ಇಲ್ಲ, ಸ್ಟೀಲ್ ತಟ್ಟೆ. ವೀಳ್ಯದೆಲೆ ಇಲ್ಲ, ಬರೀ ಅಡಿಕೆ. ಕೈಗೆ ಸಿಕ್ಕದ್ದರಲ್ಲಿ ಇಷ್ಟಾಯಿತು, ಅತ್ತೆ ಅನುಸರಿಸಿಕೊಳ್ಳುತ್ತಾರೆ ಎಂದುಕೊಂಡೆ. ಬದುಕಿದ್ದಾಗ ಅಷ್ಟೇನೂ ಅನುಸರಿಸಿಕೊಳ್ಳುವವರಾಗಿರಲಿಲ್ಲ.

ಮಗು ಮಲಗಿದ ಮೇಲೆ ತಟ್ಟೆಯನ್ನು ಹಿತ್ತಿಲ ಬಂಡೆಯ ಮೇಲಿಟ್ಟು, ನೀರು ಸುತ್ತಿ, ಕೈಮುಗಿದು, "ಕಾ ಕಾ" ಎಂದು ಕೂಗಿದೆ. ಈ ಊರಿಗೆ ಬಂದಾಗಿನಿಂದ ಕಾಗೆ ಕಂಡಿರಲಿಲ್ಲ. ಬರುತ್ತದೆಂಬ ಭರವಸೆಯೂ ಇರಲಿಲ್ಲ. ಕಾಲು ಮರಗಟ್ಟುವವರೆಗೂ ನಿಂತು ಒಳಗೆ ಹೋಗಲು ತಿರುಗಿದೆ. ಹಿಂದೆ ರೆಕ್ಕೆ ಬಡಿದ ಸದ್ದಾಯಿತು.

ನಮ್ಮ ಕಾಗೆಯ ಎರಡರಷ್ಟು ಇತ್ತು. ನಮ್ಮದರ ಹಾಗೆ ಕತ್ತು ಬೂದಿಯಲ್ಲ, ಮೈಯೆಲ್ಲ ಕಪ್ಪು, ಕೊಕ್ಕು ಕುಡುಗೋಲಿನಂತೆ. ನೇರ ತಟ್ಟೆಗೆ ಬಂದು ಮೊದಲು ವಡೆ ಎತ್ತಿಕೊಂಡಿತು. ಅತ್ತೆಗೂ ಮೊದಲು ವಡೆಯೇ. ಬಾಗಿಲ ಚೌಕಟ್ಟು ಹಿಡಿದು ನಿಂತು, "ಅತ್ತೆ, ಇಷ್ಟ್ ದೂರ ಬಂದ್ರಲ್ಲ" ಎಂದು ಅತ್ತುಬಿಟ್ಟೆ.

ಮಾರನೆ ದಿನ ಎರಡು ಬಂದು ಸೂರಿನ ಮೇಲೆ ಕೂತು ಗೊಗ್ಗರು ದನಿಯಲ್ಲಿ ಕರೆದವು. ಬಂದವರನ್ನು ಹಸಿದು ಕಳಿಸುವುದುಂಟೆ? ನಾವು ಉಣ್ಣುವ ಮುಂಚೆ ಒಂದು ಹಿಡಿ ಅನ್ನ ಬಂಡೆಯ ಮೇಲಿಟ್ಟೆ. ಅದರ ಮಾರನೆಗೆ ಇನ್ನೂ ಹೆಚ್ಚು ಬಂದವು. ಅಂದು ಊಟದ ಹೊತ್ತಿಗೆ ಇಂಗ್ರಿಡ್ ಜೊತೆ ಬಂದ ಪವಿತ್ರ ಸೂರಿನ ಕಡೆ ನೋಡಿ, "ಇಷ್ಟೊಂದು ಕಾಗೆ ಈ ಕಡೆ ಬರೋದೇ ಇಲ್ವಲ್ಲ" ಎಂದಳು. ನಾನು ಹೇಳುವುದಕ್ಕೆ ಬಾಯಿ ತೆಗೆಯುವಷ್ಟರಲ್ಲಿ ಅವಳು ಹಿತ್ತಿಲಿಗೆ ಓಡಿದ್ದಳು.

ಖಾಲಿ ಕುಳಿ

ಹುಲ್ಲಿನ ಕುಳಿಯಲ್ಲಿ ಮೊಟ್ಟೆಯ ಸಿಪ್ಪೆ ಎರಡು ಚೂರು ಇತ್ತು. ಗಂಡು ಹಕ್ಕಿ ಸ್ವಲ್ಪ ದೂರದಲ್ಲಿ ಕಲ್ಲಿನಿಂದ ಕಲ್ಲಿಗೆ ಓಡಾಡುತ್ತಿತ್ತು. ಪವಿತ್ರ ಮೊಣಕಾಲೂರಿ ಕೂತುಬಿಟ್ಟಿದ್ದಳು. ಇಂಗ್ರಿಡ್ ಬಂಡೆಯನ್ನು ನೋಡಿದರು, ಸೂರನ್ನು ನೋಡಿದರು, ಏನೋ ಕೇಳಿದರು. ಭಾಷೆ ತಿಳಿಯದಿದ್ದರೂ ಕೇಳಿದ್ದು ಏನೆಂದು ತಿಳಿಯಿತು.

"ನಾನೇ ಕಣವ್ವ" ಎಂದೆ. "ಅಜ್ಜಿ ತಿಥಿಗೆ ಎಡೆ ಇಟ್ಟೆ. ಆಮೇಲೂ ಇಟ್ಟೆ."

"ಹೊರಗೆ ಏನೂ ಹಾಕ್ಬೇಡ ಅಂದಿರ್ಲಿಲ್ವಾ?"

"ಉಳ್ದಿದ್ದು ಆಕ್ಬ್ಯಾಡ ಅಂದೆ ನೀನು. ಎಡೆ ಎಂಜಲಲ್ವಲ್ಲ. ಉಣ್ಣಾಕೆ ಮುಂಚೆ ತೆಗ್ದಿಡೋದು."

"ಕಾಗೆಗೆ ಅದೆಲ್ಲ ಗೊತ್ತಾಗುತ್ತಾ ಅವ್ವ? ಅನ್ನ ತಿಂದ್ವು, ಪಕ್ಕದಲ್ಲಿ ಮೊಟ್ಟೆ ಕಂಡ್ತು, ಅದನ್ನೂ ತಿಂದ್ವು." ಎದ್ದು ಕೈಯ ಮಣ್ಣು ಕೊಡವಿಕೊಂಡಳು. "ನೀನು ಬರ್ದೇ ಇದ್ದಿದ್ರೇ ಚೆನ್ನಾಗಿರೋದು."

ಮಗುವನ್ನು ನನ್ನ ಕಂಕುಳಿಂದ ತೆಗೆದುಕೊಂಡು ಒಳಗೆ ಹೋದಳು.

ರೈಲಿನ ಮಿಸ್ಡ್ ಕಾಲ್ ಬಂದಾಗ ದೀಪ ಹಚ್ಚಿ ಕೂತೆ. ನನ್ನ ತವರು ಹಲಗೂರು. ಕಷ್ಟಕ್ಕೆ ನೆನೆಯುವುದು ಮುತ್ತತ್ತಿರಾಯನನ್ನು. ಸೀತಮ್ಮನ ಮೂಗುತಿಯ ಮುತ್ತು ಕಾವೇರಿಯ ಸುಳಿಗೆ ಬಿದ್ದಾಗ ಬಾಲದಲ್ಲಿ ತಡಕಿ ತೆಗೆದುಕೊಟ್ಟ ಆಂಜನೇಯ ಅವನು. ಸ್ವಾಮಿ, ಇದೂ ಅಷ್ಟೇ ಚಿಕ್ಕ ಪದಾರ್ಥ, ಒಂದು ಅವರೆಕಾಳು, ನನ್ನ ಮಗಳ ಕೈಗೆ ಸೇರಿಸು, ಬಂದು ಹೊಳೆಯಲ್ಲಿ ಮುಳುಗಿ ಪೂಜೆ ಕೊಡುತ್ತೇನೆ ಎಂದು ಹರಸಿಕೊಂಡೆ.

ಇಂಗ್ರಿಡ್ ಬಂದು ಎದುರಿಗೆ ಕೂತು, ಸಕ್ಕರೆಯಿಲ್ಲದ ಕಾಫಿ ಎರಡು ಲೋಟಕ್ಕೆ ಬಗ್ಗಿಸಿದರು. ಹೊರಗಿನ ಹಕ್ಕಿಯ ಕಡೆ ಕೈತೋರಿಸಿ, "ಎಗ್. ಅಗೇನ್. ಮೇ ಬಿ" ಎಂದರು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಆಮೇಲೆ ಪವಿತ್ರಳನ್ನು ಕರೆದು ಏನೋ ಹೇಳಿದರು. ಅವಳು ನನ್ನ ಮುಖ ನೋಡದೆಯೇ ಕನ್ನಡಕ್ಕೆ ತಿರುಗಿಸಿದಳು: "ನಿಮ್ಮೂರಲ್ಲಿ ಕಾಗೆ ಹೇಗೆ ಓಡಿಸ್ತೀರಿ ಅಂತ ಕೇಳ್ತಿದಾರೆ."

ಕೊಡೆ ಹಿಡಿದ ಕಾವಲು

ಚಿಕ್ಕವಳಿದ್ದಾಗ ಹಲಗೂರಿನ ಹತ್ತಿರ ನಮ್ಮಪ್ಪನ ಜೋಳದ ಹೊಲಕ್ಕೆ ಹಕ್ಕಿ ಕಾಯಲು ಹೋಗುತ್ತಿದ್ದೆ. ತಟ್ಟೆ ಬಡಿಯುವುದು, ಹೋ ಎಂದು ಕೂಗುವುದು. ಇಲ್ಲಿ ಅದು ನಡೆಯದು. ಸದ್ದು ಮಾಡಿದರೆ ಗೊರವವೂ ಓಡುತ್ತದೆ. ಸೀರೆಯ ಮೇಲೆ ಇಂಗ್ರಿಡ್ ಕೊಟ್ಟ ಕೋಟು ತೊಟ್ಟು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಬಂಡೆಯ ಪಕ್ಕ ಕುರ್ಚಿ ಹಾಕಿ ಕೂತೆ. ಕೈಯಲ್ಲಿ ಯಲಿಯೂರಿನ ಕಪ್ಪು ಕೊಡೆ. ಕಾಗೆ ಹತ್ತಿರ ಬಂದರೆ ಕೊಡೆಯನ್ನು ಫಟ್ಟನೆ ಬಿಚ್ಚುವುದು, ಮಡಿಸುವುದು. ಆ ದೊಡ್ಡ ಕಾಗೆಗಳಿಗೆ ಕೊಡೆ ಎಂದರೆ ಆಗದು.

ಕರೆದು ಉಣ್ಣಿಸಿದವಳೇ ಓಡಿಸುವುದು ಸುಲಭವಲ್ಲ. ಮೊದಲ ದಿನ ಬಂದ ಕಾಗೆಯೊಂದು ಕೊಡೆ ಎಷ್ಟು ಬೀಸಿದರೂ ಹೋಗದೆ ತಲೆ ಓರೆ ಮಾಡಿ ನನ್ನನ್ನೇ ನೋಡಿತು.

"ಅತ್ತೆ, ಉಂಡಿದ್ದಾಯ್ತು. ಇದು ನಿಮ್ ಮೊಮ್ಮಗಳ ಅನ್ನ ಕಣ್ರವ್ವ. ಎದ್ದೋಗಿ" ಎಂದೆ.

ಹೋಯಿತು. ಕೊಡೆಗೋ ಮಾತಿಗೋ ಹೇಳಲಾರೆ.

ದಿನವೂ ಹೀಗೆ ಕೂತೆ. ಪವಿತ್ರ ಬೇಕಾದಷ್ಟೇ ಮಾತಾಡುತ್ತಿದ್ದಳು: ಮಗು ಹಾಲು ಕುಡಿಯಿತಾ, ಮಲಗಿತಾ. ಅಲ್ಲಿಯವರ ಹಾಗೆ ಅವಳಿಗೂ ಮಾತು ಕಮ್ಮಿಯಾಯಿತೋ ಏನೋ ಎನ್ನಿಸಿತು. ಮಗುವಿಗೆ ಮಾತ್ರ ಆ ದಿನಗಳಲ್ಲಿ ಒಂದು ಮಾತು ಬಂತು. 'ಕಾ.'

ಒಂದು ಮಧ್ಯಾಹ್ನ ಗಂಡು ಗೊರವ ಮೇಲಕ್ಕೆ ಹಾರಿ, ನಿಂತಲ್ಲೇ ರೆಕ್ಕೆ ನಡುಗಿಸುತ್ತ ಜೀರುಂಡೆಯ ಹಾಗೆ ಕಿರಗುಟ್ಟಿತು. ಮತ್ತೊಂದು ಹೆಣ್ಣನ್ನು ಕರೆಯುವುದು ಹಾಗಂತೆ; ಇಂಗ್ರಿಡ್ ಹೌದೆಂದು ತಲೆಯಾಡಿಸಿದರು. ಅದರಾಚೆ ಕೆಲವು ದಿನ ಅದು ಎಲ್ಲಿ ಹೋಗುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಇಬ್ಬರೂ ಜೌಗೆಲ್ಲ ತಡಕಿದರು. ಹೊಸ ಗೂಡು ಕಾಣಲಿಲ್ಲ. ಹೊತ್ತು ಮೀರಿತು, ಇನ್ನು ಯಾವ ಹೆಣ್ಣೂ ಮೊಟ್ಟೆ ಇಡಲಾರದು ಎಂದು ಪವಿತ್ರ ಫೋನಿನಲ್ಲಿ ಅಳಿಯಂದಿರಿಗೆ ಹೇಳುವುದು ಕೇಳಿಸಿತು. ನಾನು ಕೊಡೆ ಬಿಡಲಿಲ್ಲ. ಬೇರೆ ಮಾಡುವುದಕ್ಕೂ ಏನಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಪವಿತ್ರ ನನ್ನ ಟೀ ತಂದವಳು ಅರ್ಧ ದಾರಿಯಲ್ಲಿ ನಿಂತುಬಿಟ್ಟಳು.

"ಅವ್ವ, ಅಲ್ಲಾಡ್ಬೇಡ."

"ಏನಾಯ್ತು?"

"ಏಳ್ಬೇಡ. ಕಾಲೂ ಎತ್ಬೇಡ. ನಿನ್ನ ಕುರ್ಚಿ ಹಿಂದೆ, ಹುಲ್ಲಲ್ಲಿ."

ಆ ಹಕ್ಕಿ ಇಡೀ ಜೌಗು ಬಿಟ್ಟು, ಕೊಡೆಯ ನೆರಳು ಬೀಳುವ ಜಾಗದಲ್ಲೇ ಗೂಡು ಮಾಡಿಕೊಂಡು ಕೂತಿತ್ತು. ಕಾಗೆ ಬರದ ಜಾಗ ಅದೊಂದೇ ಎಂದು ಅದು ನೋಡಿಕೊಂಡಿತ್ತೇನೋ. ಪವಿತ್ರ ಟೀ ಲೋಟ ಹಿಡಿದುಕೊಂಡೇ ನೆಲಕ್ಕೆ ಕೂತಳು. ಬಹಳ ದಿನದ ಮೇಲೆ ನನ್ನ ಮುಖ ನೋಡಿದಳು.

"ಇನ್ನು ಎಷ್ಟ್ ದಿನ ಇಂಗೇ ಕೂರ್ಬೇಕವ್ವ?"

"ಅವನು ಏಳೋವರ್ಗೂ" ಎಂದು ನಕ್ಕಳು.

ಅಂಗೈ ಮೇಲೆ

ಹಿಡಿಯುವ ದಿನ ಬಂದಾಗ ನಾನು ಮಗುವಿನೊಡನೆ ಬಾಗಿಲಲ್ಲಿ ನಿಂತೆ. ಗೂಡಿನ ಮೇಲೆ ತಂತಿಯ ಬಲೆಯ ಚಿಕ್ಕ ಪಂಜರ ಇಟ್ಟು ಇಬ್ಬರೂ ದೂರದಲ್ಲಿ ನೆಲಕ್ಕೆ ಮಲಗಿ ಕಾದರು. ಹಕ್ಕಿ ಸುತ್ತ ಸುತ್ತಿ, ಕೊನೆಗೆ ತಡೆಯಲಾರದೆ ಮೊಟ್ಟೆಯ ಮೇಲೆ ಹೋಗಿ ಕೂತಿತು. ಪವಿತ್ರ ಓಡಿ ಹೋಗಿ ಕೈಯಲ್ಲಿ ಹಿಡಿದಳು. ಇಂಗ್ರಿಡ್ ಸಣ್ಣ ಕತ್ತರಿಯಲ್ಲಿ ಕಾಲಿನ ಕಟ್ಟು ಬಿಡಿಸಿದರು.

"ಅವ್ವ, ಮುಟ್ತೀಯಾ?"

ಹತ್ತಿರ ಹೋಗಿ ನೋಡಿದೆ. ನಿಂಬೆಹಣ್ಣಿನ ತೂಕವೂ ಇರಲಾರದು. ಕಣ್ಣು ಮೆಣಸುಕಾಳಿನಷ್ಟು. ಇಷ್ಟು ದೇಹ ಹೊತ್ತುಕೊಂಡು ನಮ್ಮ ಕಡೆಗೆ ಹೋಗಿ ಬರುತ್ತದಂತೆ. ನನಗೆ ಅಷ್ಟೊಂದು ವಿಮಾನ ಬೇಕಾಯಿತು.

"ಬ್ಯಾಡ ಕಣವ್ವ. ನಾನ್ ಮುಟ್ಟಿದ್ದು ಸಾಕು. ಬುಟ್ಬುಡು."

ಬಿಟ್ಟಳು. ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕುವಷ್ಟರಲ್ಲಿ ಅದು ಮತ್ತೆ ಮೊಟ್ಟೆಯ ಮೇಲಿತ್ತು.

ಮಿಷಿನ್ನಿನ ಹೊಟ್ಟೆ ಬಿಚ್ಚಿ ಕಂಪ್ಯೂಟರಿಗೆ ಹಾಕಿದಾಗ ಅರ್ಧ ಕಥೆಯೇ ಇತ್ತು. ಚಳಿಗಾಲದ ನಡುವೆ ಬ್ಯಾಟರಿ ತೀರಿಹೋಗಿತ್ತು. ಹೋದ ದಾರಿ ಉಂಟು, ಬಂದ ದಾರಿ ಇಲ್ಲ. ಬೇಗ ಹೊರಟಿತೋ ತಡವಾಗಿಯೋ ಎಂಬುದು ಬಂದ ದಾರಿಯಲ್ಲಿ ಇರಬೇಕಿತ್ತು. ಹೋಗುವಾಗ ನಡುವೆ ಒಂದು ಒಳನಾಡಿನ ಕಡಲ ದಂಡೆಯಲ್ಲಿ ಇವರು ಎಣಿಸಿದ್ದಕ್ಕಿಂತ ಬಹಳ ದಿನ ತಂಗಿತ್ತಂತೆ. ಅದನ್ನು ನೋಡಿ ಇಂಗ್ರಿಡ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು; ಅವರ ಮಟ್ಟಿಗೆ ಅದು ಕುಣಿದಂತೆ.

"ಗೆರೆ ನಿಂತಿರೋದು ಎಲ್ಲಿ?" ಎಂದೆ.

"ನಮ್ಮ ಕಡೆ ಅವ್ವ."

"ನಮ್ಮೂರ್ ತಾವಾನಾ?"

"ಅಷ್ಟು ಹೇಳಕ್ಕೆ ಬರಲ್ಲ. ಬೆರಳಿಟ್ರೆ ಅದರಡಿ ನಾಲ್ಕು ಜಿಲ್ಲೆ ಬರ್ತವೆ. ಮಂಡ್ಯನೂ ಇದೆ." ಗೆರೆಯ ಮೇಲೆ ಬೆರಳಿಟ್ಟು ತೋರಿಸಿ, "ಅರ್ಧ ಸಿಕ್ತಲ್ಲ ಅವ್ವ. ಪೂರ್ತಿ ಹೋಗಿತ್ತು" ಎಂದಳು.

ಮತ್ತೆ ಯಲಿಯೂರು

ಬರುವಾಗ ಇಂಗ್ರಿಡ್ ಕೊಟ್ಟ ಕೋಲನ್ನು ದೊಡ್ಡ ಪೆಟ್ಟಿಗೆಯಲ್ಲಿ ಓರೆಯಾಗಿ ಇಟ್ಟುಕೊಂಡು ಬಂದೆ. ಯಾರೂ ತಡೆಯಲಿಲ್ಲ. ಮುತ್ತತ್ತಿಗೆ ಹೋಗಿ ಹರಕೆ ತೀರಿಸಿದೆ. ಅರ್ಧ ಸಿಕ್ಕಿತೆಂದು ಅರ್ಧ ತೀರಿಸುವುದುಂಟೆ? ಪೂರ್ತಿಯೇ ತೀರಿಸಿದೆ.

ಪಿತೃಪಕ್ಷದ ಅಮಾವಾಸ್ಯೆಯ ದಿನ, ಹಿರಿಯರ ಎಡೆ ಹಿಡಿದು ಯಜಮಾನರು ತಾರಸಿಗೆ ಹೋಗಿದ್ದರು. ಮನೆಯವರ ಊಟಕ್ಕೆ ಹಿಟ್ಟಿನ ಎಸರಿಟ್ಟಿದ್ದೆ. ಪವಿತ್ರಳ ವಿಡಿಯೋ ಕಾಲ್ ಬಂತು. ಬೇಸಿಗೆ ಮುಗಿದು, ಆ ಕೆಂಪು ಮನೆಗೆ ಬೀಗ ಹಾಕಿ ಬರಲು ಹೋಗಿದ್ದಳು. ಅವಳು ತೋರಿಸಿದ್ದು ಹಿತ್ತಿಲ ಬಂಡೆ, ಅದರ ಮೇಲೆ ಸ್ಟೀಲ್ ತಟ್ಟೆ.

"ಸರಿಯಾಗಿದ್ಯಾ ನೋಡವ್ವ. ಅಜ್ಜಿಗೆ."

"ಒರಗೆ ಇಟ್ಟಿದ್ದೀಯಲ್ಲ ಮಗಾ!"

"ಈಗ ಯಾರ ಮೊಟ್ಟೇನೂ ಇಲ್ಲ ಅವ್ವ. ಹಕ್ಕಿ ಎಲ್ಲಾ ಹೊರಟೋದ್ವು. ಇಂಗ್ರಿಡ್ ಅವ್ರನ್ನ ಕೇಳೇ ಇಟ್ಟೆ. ವಡೆ ಜಾಸ್ತಿ ಇಡು ಅಂದ್ರು."

"ನಮ್ಮ ಗೊರವ?"

"ಅವನು ಮರಿ ಏಳಿಸ್ಕೊಂಡು ಆಗ್ಲೇ ಹೋದ. ನಿಮ್ಮ ಕಡೆ ದಾರೀಲಿರ್ಬೇಕು."

ತಟ್ಟೆ ನೋಡಿದೆ. "ಹಿಟ್ಟು ಗಂಟು ಬಿದ್ದದೆ."

"ಕೋಲು ನಿನ್ನ ಹತ್ರ ಇದ್ಯಲ್ಲ."

ಅಷ್ಟರಲ್ಲಿ ಫೋನಿನೊಳಗಿಂದ ಆ ಗೊಗ್ಗರು ದನಿ ಕೇಳಿಸಿತು. ಅವಳ ತೊಡೆಯ ಮೇಲಿದ್ದ ಮಗು "ಕಾ" ಎಂದಿತು. ಪವಿತ್ರ ಮಾತು ನಿಲ್ಲಿಸಿ ಆ ಕಡೆ ತಿರುಗಿದಳು. "ಬಂತು ಅವ್ವ. ವಡೇನೇ ಎತ್ಕೊಂತು."

ಇಲ್ಲಿ ತಾರಸಿಯ ಮೇಲೆ ಯಜಮಾನರು ಇನ್ನೂ "ಕಾ ಕಾ" ಎಂದು ಕೂಗುತ್ತಿದ್ದರು. ಕಾಗೆಯ ಸುಳಿವಿಲ್ಲ. ಮೆಟ್ಟಿಲ ಕೆಳಗೆ ನಿಂತು ಕೂಗಿ ಹೇಳಿದೆ:

"ಸ್ವಲ್ಪ ತಡೀರಿ. ಅತ್ತೆ ಅಲ್ಲಿ ಊಟಕ್ಕೆ ಕೂತವ್ರೆ. ಮುಗಿಸ್ಕಂಡು ಬತ್ತಾರೆ."

ಎಸರು ಕುದಿಯುತ್ತಿತ್ತು. ಹಿಟ್ಟು ಹಾಕಿ, ಕೋಲು ತೆಗೆದುಕೊಂಡೆ.